ಕೋಡಿ ಬೀಳುವ ಮೊದಲೇ ಸೇರಬೇಕಾದ ಸಭೆ

ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳ ಪೈಕಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ ಮತ್ತು ನಾಗಮಂಗಲ ಸೇರಿ ಪಾಂಡವಪುರ ಕಂದಾಯ ಉಪವಿಭಾಗವಾಗಿದೆ. ಕಡತದಲ್ಲಿ ಉಪವಿಭಾಗ ಒಂದೇ ಆದರೂ ನಾಲ್ಕು ತಾಲ್ಲೂಕುಗಳ ಮೇಲೆ ಎರಗುವ ಆಪತ್ತು ಒಂದೇ ಬಗೆಯದಲ್ಲ. ಶ್ರೀರಂಗಪಟ್ಟಣ ಕಾವೇರಿಯ ನಡುಗಡ್ಡೆ. ಕೃಷ್ಣರಾಜಸಾಗರದ ಗೇಟು ಎತ್ತಿದರೆ ಕೆಲವೇ ಗಂಟೆಗಳಲ್ಲಿ ನೀರು ಅಲ್ಲಿನ ಸೋಪಾನಕಟ್ಟೆಗಳನ್ನು ಮುಚ್ಚುತ್ತದೆ. ಪಾಂಡವಪುರದ ಹೊಲಗದ್ದೆಗಳ ನಡುವೆ ವಿಶ್ವೇಶ್ವರಯ್ಯ ನಾಲೆ ಹರಿಯುತ್ತದೆ, ಅದರ ಪಕ್ಕದಲ್ಲೇ ಬಸ್ಸು ಓಡುವ ರಸ್ತೆಗಳಿವೆ, ಸ್ವಲ್ಪ ದೂರದಲ್ಲಿ ಬೇಬಿ ಬೆಟ್ಟದ ಕಲ್ಲು ಗಣಿಗಳಿವೆ. ಕೆ.ಆರ್.ಪೇಟೆಗೆ ಒಂದು ಮಗ್ಗುಲಲ್ಲಿ ಹೇಮಾವತಿ ನದಿ ಮತ್ತು ಜಲಾಶಯದ ಹಿನ್ನೀರು, ಇನ್ನೊಂದು ಮಗ್ಗುಲಲ್ಲಿ ಮಳೆಯನ್ನೇ ನಂಬಿದ ಬಯಲು. ನಾಗಮಂಗಲ ಕೆರೆ ಮತ್ತು ಕೊಳವೆಬಾವಿಯ ಮೇಲೆ ಬದುಕುವ ಒಣಸೀಮೆ. ಒಂದೇ ವರ್ಷದಲ್ಲಿ ಒಂದು ತಾಲ್ಲೂಕಿನಲ್ಲಿ ನೆರೆಯಿಂದ ಪೈರು ಕೊಳೆತು, ಪಕ್ಕದ ತಾಲ್ಲೂಕಿನಲ್ಲಿ ರಾಗಿ ಒಣಗಿಹೋಗುವುದು ಇಲ್ಲಿ ಅಪರೂಪವಲ್ಲ.

ಇಂಥ ಸೀಮೆಯಲ್ಲಿ ವಿಪತ್ತಿನ ಹಾನಿ ತಗ್ಗಿಸುವ ಯೋಜನೆ ಮಾಡುವುದು ಹೇಗೆ, ಅದನ್ನು ಮಾಡುವಾಗ ಯಾರನ್ನು ಕೂರಿಸಿಕೊಳ್ಳಬೇಕು ಎನ್ನುವ ಪ್ರಶ್ನೆ ಊರವರ ದಿನನಿತ್ಯದ ಬದುಕಿಗೆ ಸಂಬಂಧಿಸಿದ್ದು. ಸರ್ಕಾರದ ಭಾಷೆಯಲ್ಲಿ ಇದಕ್ಕೆ ವಿಪತ್ತು ಉಪಶಮನ ಎನ್ನುತ್ತಾರೆ. ಪರಿಹಾರಕ್ಕೂ ಉಪಶಮನಕ್ಕೂ ವ್ಯತ್ಯಾಸವಿದೆ. ನೆರೆ ಬಂದ ಮೇಲೆ ಗಂಜಿ ಕೇಂದ್ರ ತೆರೆಯುವುದು, ಬೆಳೆ ಹೋದ ಮೇಲೆ ಖಾತೆಗೆ ಹಣ ಹಾಕುವುದು ಪರಿಹಾರ. ನೆರೆ ಬರುವ ಮೊದಲು ಕೆರೆಯ ಕೋಡಿ ಬಿಡಿಸುವುದು, ನಾಲೆಗೆ ತಡೆಗೋಡೆ ಕಟ್ಟುವುದು, ತಗ್ಗಿನ ಮನೆಗಳನ್ನು ಗುರುತಿಸಿ ದಾರಿ ಮಾಡಿಡುವುದು ಉಪಶಮನ. ಮೊದಲನೆಯದು ಸುದ್ದಿಯಾಗುತ್ತದೆ, ಎರಡನೆಯದು ಆಗುವುದಿಲ್ಲ. ಜೀವ ಉಳಿಸುವುದು ಬಹುಪಾಲು ಎರಡನೆಯದೇ.

ನಾಲ್ಕು ತಾಲ್ಲೂಕು, ಒಂದೇ ನೀರು

ಕೃಷ್ಣರಾಜಸಾಗರದ ಕಟ್ಟೆ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದಲ್ಲಿ ಮುಗಿಯಿತು. ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ ಅಡಿ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಮೂರೂ ಇದರಲ್ಲಿ ಸೇರುತ್ತವೆ. ಕಟ್ಟೆಗಾಗಿ ಕನ್ನಂಬಾಡಿಯೂ ಸೇರಿ ಹಲವು ಊರುಗಳು ಮುಳುಗಿದವು, ಅಲ್ಲಿನ ಜನ ಬೇರೆಡೆ ನೆಲೆಯೂರಬೇಕಾಯಿತು. ವೇಣುಗೋಪಾಲಸ್ವಾಮಿ ದೇವಾಲಯ ಬಹುಕಾಲದ ನಂತರ ಹಿನ್ನೀರಿನ ದಂಡೆಯಲ್ಲಿ ಮತ್ತೆ ಎದ್ದು ನಿಂತಿತು. ನೀರಿನ ಯೋಜನೆ ಎಂದರೆ ಮೇಲಿನಿಂದ ಬರುವ ಆದೇಶ ಎಂಬ ಭಾವನೆ ಈ ಸೀಮೆಯಲ್ಲಿ ಬೇರೂರಿದ್ದರೆ ಅದಕ್ಕೆ ಇಂಥ ಹಿನ್ನೆಲೆಯೂ ಇದೆ.

ಕೊಡಗಿನಲ್ಲಿ ಮಳೆ ಜೋರಾದ ವರ್ಷ ಕಟ್ಟೆಯಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಡಬೇಕಾಗುತ್ತದೆ. 2018, 2019 ಮತ್ತು 2024ರಲ್ಲಿ ಹಾಗಾಯಿತು. ಆಗ ರಂಗನತಿಟ್ಟಿನ ದೋಣಿವಿಹಾರ ನಿಲ್ಲುತ್ತದೆ, ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಮೈತುಂಬ ನೀರು ನುಗ್ಗುತ್ತದೆ, ಗಂಜಾಂನ ನಿಮಿಷಾಂಬ ದೇವಾಲಯದ ಮೆಟ್ಟಿಲುಗಳು ಕಾಣದಾಗುತ್ತವೆ. ಪತ್ರಿಕೆಗಳಲ್ಲಿ ಬರುವ ಚಿತ್ರಗಳು ಇವೇ. ಚಿತ್ರಕ್ಕೆ ಸಿಗದ ಹಾನಿ ನದಿದಂಡೆಯ ಗದ್ದೆಗಳಲ್ಲಿ, ಪಂಪ್‌ಸೆಟ್‌ಗಳಲ್ಲಿ, ದಂಡೆಯ ಗುಡಿಸಲುಗಳಲ್ಲಿ ಆಗಿರುತ್ತದೆ.

ನಾಗಮಂಗಲದ ಕತೆ ಬೇರೆಯಾದರೂ ನೀರು ಬೇರೆಯಲ್ಲ. ನಾಗಮಂಗಲ ಸೀಮೆಯ ಮಳೆಯನ್ನು ಹೊತ್ತ ಲೋಕಪಾವನಿ ಪಾಂಡವಪುರದ ಕಡೆ ಹರಿದು ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಕಾವೇರಿಯನ್ನು ಸೇರುತ್ತದೆ. ಇದರ ದಾರಿಯುದ್ದಕ್ಕೂ ಕೆರೆಗಳ ಸರಪಳಿ ಇದೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ ಬರುತ್ತದೆ, ಮೇಲಿನ ಏರಿ ಒಡೆದರೆ ಕೆಳಗಿನ ಏರಿಗೂ ಉಳಿಗಾಲವಿಲ್ಲ. 2022ರ ಮಳೆಗೆ ಮಂಡ್ಯ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದು ಗದ್ದೆ, ರಸ್ತೆ, ಮನೆಗಳಿಗೆ ನೀರು ನುಗ್ಗಿತು. ಮರುವರ್ಷವೇ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಕೆರೆ ತುಂಬಿ ಹೆದರಿಸಿದ ಹನ್ನೆರಡು ತಿಂಗಳಿಗೆ ಅದೇ ಕೆರೆಯಂಗಳ ಬಿರುಕು ಬಿಟ್ಟಿತ್ತು. ನೆರೆಗೊಂದು ಯೋಜನೆ, ಬರಕ್ಕೊಂದು ಯೋಜನೆ ಎಂದು ಬೇರೆ ಬೇರೆ ಕಡತ ತೆರೆಯುವ ರೂಢಿ ಇಲ್ಲಿ ಸೋಲುವುದು ಈ ಕಾರಣಕ್ಕೆ. ಹೂಳು ತುಂಬಿದ ಕೆರೆ ಮಳೆಗಾಲದಲ್ಲಿ ಬೇಗ ಕೋಡಿ ಬೀಳುತ್ತದೆ, ಬೇಸಿಗೆಯಲ್ಲಿ ಬೇಗ ಬತ್ತುತ್ತದೆ. ಒಂದು ಹೂಳೆತ್ತುವ ಕೆಲಸ ಎರಡು ಆಪತ್ತಿಗೂ ಮದ್ದು.

ಕನಗನಮರಡಿ

2018ರ ನವೆಂಬರ್ 24ರ ಶನಿವಾರ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ತೀರಿಕೊಂಡರು. ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ನಾಲೆಯಲ್ಲಿ ನೀರು ಹರಿಯುತ್ತಿತ್ತು, ರಸ್ತೆಗೂ ನಾಲೆಗೂ ನಡುವೆ ತಡೆಗೋಡೆ ಇರಲಿಲ್ಲ.

ಈ ದುರಂತವನ್ನು ವಿಪತ್ತು ಯೋಜನೆಯ ಲೆಕ್ಕಕ್ಕೆ ತರಬೇಕಾದ ಕಾರಣ ಸರಳವಾಗಿದೆ. ಪ್ರವಾಹ, ಭೂಕಂಪಗಳಂತೆ ಇದು ಆಕಾಶದಿಂದಲೋ ನೆಲದಿಂದಲೋ ಬಂದದ್ದಲ್ಲ. ರಸ್ತೆಯ ಅಪಾಯದ ತಿರುವು ಯಾವುದು, ಅಲ್ಲಿ ಏನು ಇಲ್ಲ ಎಂಬುದನ್ನು ಹೇಳಲು ತಜ್ಞರ ತಂಡ ಬರಬೇಕಾಗಿಲ್ಲ. ದಿನವೂ ಆ ದಾರಿಯಲ್ಲಿ ಹೋಗುವ ಬಸ್ ಚಾಲಕರಿಗೆ, ಕಿಟಕಿ ಪಕ್ಕ ಕೂರುವ ಮಕ್ಕಳಿಗೆ, ನಾಲೆ ಏರಿಯ ಮೇಲೆ ದನ ಹೊಡೆದುಕೊಂಡು ಹೋಗುವವರಿಗೆ, ಎತ್ತಿನಗಾಡಿಯಲ್ಲಿ ಕಬ್ಬು ತುಂಬಿಕೊಂಡು ಬರುವವರಿಗೆ ಅದು ಗೊತ್ತಿರುತ್ತದೆ. ಗೊತ್ತಿರುವುದನ್ನು ಹೇಳುವ ಜಾಗ ಮತ್ತು ಹೇಳಿದ್ದನ್ನು ಬರೆದುಕೊಳ್ಳುವ ಕೈ ಇದ್ದರೆ ಅಪಾಯದ ತಾಣಗಳ ಪಟ್ಟಿ ಒಂದು ವಾರದಲ್ಲಿ ಸಿದ್ಧವಾಗುತ್ತದೆ. ಆದರೆ ಕನಗನಮರಡಿಯ ನಂತರವೂ ಕಾರುಗಳು ಇದೇ ನಾಲೆಗೆ ಬಿದ್ದಿವೆ. 2023ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಒಂದಕ್ಕಿಂತ ಹೆಚ್ಚು ಕಾರುಗಳು ಬಿದ್ದು ಜೀವಗಳು ಹೋದವು. ಪ್ರತಿ ಸಾವಿನ ನಂತರ ಆ ಒಂದು ಜಾಗದಲ್ಲಿ ಗೋಡೆ ಎದ್ದರೆ ಸಾಲದು. ಗೋಡೆಯ ಪಟ್ಟಿ ಸಾವಿನ ಪಟ್ಟಿಯನ್ನು ಹಿಂಬಾಲಿಸಬಾರದು.

ಕರ್ನಾಟಕದಲ್ಲಿ 2006ರಿಂದ ಮಕ್ಕಳ ಗ್ರಾಮಸಭೆ ನಡೆಸುವ ಪದ್ಧತಿಯಿದೆ. ಶಾಲೆಯ ಶೌಚಾಲಯ, ಆಟದ ಮೈದಾನದ ಬೇಡಿಕೆಗಳ ಜೊತೆಗೆ ಶಾಲೆಗೆ ಬರುವ ದಾರಿಯಲ್ಲಿ ಹೆದರಿಕೆ ಎಲ್ಲಿ ಆಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಅಲ್ಲಿ ಕೇಳಿದರೆ ಸಾಕು. ನಾಲೆಯ ತಿರುವು, ಕಂಬಿ ಇಲ್ಲದ ಸೇತುವೆ, ಮುಚ್ಚದ ಕೊಳವೆಬಾವಿ, ಜೋತುಬಿದ್ದ ವಿದ್ಯುತ್ ತಂತಿ ಎಲ್ಲವೂ ಮಕ್ಕಳ ಬಾಯಿಂದಲೇ ಬರುತ್ತವೆ.

ಸಭೆಗೆ ಬಾರದವರು

ಊರಿನ ಎಲ್ಲರಿಗೂ ಒಂದೇ ಮಳೆ ಬಿದ್ದರೂ ಹಾನಿ ಒಂದೇ ಸಮ ಆಗುವುದಿಲ್ಲ. ಹಳೆಯ ಊರುಗಳಲ್ಲಿ ಎತ್ತರದ ಜಾಗದಲ್ಲಿ ದೇವಸ್ಥಾನ, ಅದರ ಸುತ್ತ ಉಳ್ಳವರ ಮನೆ, ಕೆರೆಯ ಕೆಳಗೋ ಹಳ್ಳದ ಬದಿಗೋ ಕೇರಿ ಇರುವುದನ್ನು ಎಷ್ಟೋ ಕಡೆ ಕಾಣಬಹುದು. ಸರ್ಕಾರ ಹಂಚಿದ ನಿವೇಶನಗಳೂ ಹಲವು ಬಾರಿ ಬೇರೆ ಯಾರೂ ಬಯಸದ ತಗ್ಗಿನಲ್ಲೇ ಸಿಕ್ಕಿರುತ್ತವೆ. ಏರಿ ಸಡಿಲವಾದರೆ ಮೊದಲು ನೀರು ನುಗ್ಗುವ ಮನೆ ಯಾವುದೆಂದು ಕೇಳಿದರೆ ಊರಿನ ಜಾತಿ ನಕ್ಷೆಯೇ ಕಣ್ಣಿಗೆ ಕಟ್ಟುತ್ತದೆ. ಈ ಮಾತು ಕಹಿಯಾದರೂ ಇದನ್ನು ಬದಿಗಿಟ್ಟು ಮಾಡಿದ ಅಪಾಯದ ನಕ್ಷೆ ಸುಳ್ಳು ನಕ್ಷೆ.

ವಿಚಿತ್ರವೆಂದರೆ ನೀರಿನ ಬಗ್ಗೆ ಹೆಚ್ಚು ತಿಳಿದವರೂ ಈ ಕೇರಿಗಳಲ್ಲೇ ಇದ್ದರು. ಕೆರೆಯ ತೂಬು ಎತ್ತುವ, ಇಳಿಸುವ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ನೀರುಗಂಟಿಗಳು ಬಹಳ ಊರುಗಳಲ್ಲಿ ದಲಿತ ಕುಟುಂಬದವರು. ಏರಿಯ ಯಾವ ಭಾಗದಲ್ಲಿ ನೀರು ಜಿನುಗುತ್ತದೆ, ಏಡಿ ಮತ್ತು ಹೆಗ್ಗಣ ಎಲ್ಲಿ ಬಿಲ ತೋಡಿವೆ, ಕೋಡಿಯ ಕಲ್ಲು ಯಾವಾಗ ಅಲುಗಿತು ಎಂಬುದು ಅವರಿಗೆ ಬರಿಗಾಲಲ್ಲಿ ತಿಳಿದ ವಿಷಯ. ಅಚ್ಚುಕಟ್ಟಿನವರು ಕೊಡುತ್ತಿದ್ದ ಧಾನ್ಯದ ಪಾಲು ನಿಂತು, ಕೆರೆ ಇಲಾಖೆಯ ಆಸ್ತಿಯಾದ ಮೇಲೆ ಆ ಕಾಯಕ ಸೊರಗಿತು. ಈಗ 40 ಹೆಕ್ಟೇರ್‌ವರೆಗೆ ಅಚ್ಚುಕಟ್ಟುಳ್ಳ ಕೆರೆ ಪಂಚಾಯತ್ ರಾಜ್ ವ್ಯವಸ್ಥೆಗೆ, ಅದಕ್ಕಿಂತ ದೊಡ್ಡದು ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ರಾತ್ರಿ ಹನ್ನೆರಡಕ್ಕೆ ಏರಿ ಮೇಲೆ ಲಾಟೀನು ಹಿಡಿದು ನಡೆಯುವವರು ಯಾರು ಎಂಬುದು ಮಾತ್ರ ಯಾವ ಇಲಾಖೆಯ ಪಟ್ಟಿಯಲ್ಲೂ ಇರುವುದಿಲ್ಲ.

ಹೆಂಗಸರ ವಿಷಯದಲ್ಲಿ ಕೊರತೆ ಇನ್ನೊಂದು ಬಗೆಯದು. ಕರ್ನಾಟಕದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಆದರೂ ಅರಳಿಕಟ್ಟೆಯ ಮೇಲೆ ಸಭೆ ಕರೆದರೆ ಹೆಂಗಸರು ಬಂದು ಕೂರುವುದಿಲ್ಲ, ಬಂದರೂ ದೂರದಲ್ಲಿ ನಿಂತು ಕೇಳಿಸಿಕೊಂಡು ಹೋಗುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಸಭೆಯಿಟ್ಟರೆ ಕೂಲಿಗೆ ಹೋದವರು ಸಿಗುವುದಿಲ್ಲ. ಬರಗಾಲದಲ್ಲಿ ಟ್ಯಾಂಕರ್ ಯಾವ ಹೊತ್ತಿಗೆ ಬಂದರೆ ಎಲ್ಲರಿಗೂ ನೀರು ಸಿಗುತ್ತದೆ, ಯಾವ ಬೋರ್‌ವೆಲ್ ನೀರು ಕುಡಿಯಲು ಆಗುವುದಿಲ್ಲ, ಹಸುವಿಗೆ ಎಷ್ಟು ದಿನದ ಮೇವಿದೆ, ಗರ್ಭಿಣಿಯರು ಯಾವ ಮನೆಯಲ್ಲಿದ್ದಾರೆ ಎಂಬ ಲೆಕ್ಕವೆಲ್ಲ ಅವರ ಬಳಿಯೇ ಇರುತ್ತದೆ. ಈ ಲೆಕ್ಕ ಸಿಗಬೇಕಾದರೆ ಹಾಲಿನ ಡೈರಿಗೆ ಹೋಗಬೇಕು. ಬೆಳಿಗ್ಗೆ, ಸಂಜೆ ಎರಡು ಹೊತ್ತು ಊರಿನ ಮುಕ್ಕಾಲು ಪಾಲು ಮನೆಯವರು ಕ್ಯಾನು ಹಿಡಿದು ಸೇರುವ ಜಾಗ ಅದು. ಜಾತಿ ಕೇಳದೆ ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುವ ಕೆಲವೇ ಜಾಗಗಳಲ್ಲಿ ಒಂದು. ಸ್ತ್ರೀಶಕ್ತಿ ಸಂಘಗಳ ವಾರದ ಸಭೆಯೂ ಅಂಥದ್ದೇ ಇನ್ನೊಂದು ಅವಕಾಶ.

ಅಂಗವಿಕಲರು, ಹಾಸಿಗೆ ಹಿಡಿದ ವೃದ್ಧರು, ಕಿವಿ ಕೇಳದವರು ಹೆಚ್ಚಿನ ಯೋಜನೆಗಳಲ್ಲಿ ಒಂದು ಸಂಖ್ಯೆಯಾಗಿಯೂ ಬರುವುದಿಲ್ಲ. ಜಪಾನಿನಲ್ಲಿ 2011ರ ಭೂಕಂಪ ಮತ್ತು ಸುನಾಮಿಯಲ್ಲಿ ಅಂಗವಿಕಲರ ಸಾವಿನ ಪ್ರಮಾಣ ಇತರರಿಗಿಂತ ಸುಮಾರು ಎರಡು ಪಟ್ಟು ಇತ್ತು. ಸಿದ್ಧತೆಯಲ್ಲಿ ಮುಂದಿದ್ದ ದೇಶದ ಕತೆಯೇ ಹೀಗಾದರೆ, ನಮ್ಮ ತಾಲ್ಲೂಕುಗಳಲ್ಲಿ ದುಡಿಯುವ ವಯಸ್ಸಿನ ಮಕ್ಕಳು ಬೆಂಗಳೂರಿಗೋ ಮುಂಬೈಗೋ ಹೋಗಿ, ಮನೆಯಲ್ಲಿ ಮುದುಕರಿಬ್ಬರೇ ಉಳಿದ ಊರುಗಳ ಸ್ಥಿತಿಯನ್ನು ಊಹಿಸಬಹುದು. ಕೆ.ಆರ್.ಪೇಟೆ ಮತ್ತು ನಾಗಮಂಗಲದಿಂದ ಮುಂಬೈಗೆ ದುಡಿಯಲು ಹೋದವರು ಬಹಳ. 2020ರ ಮೇ ತಿಂಗಳಲ್ಲಿ ಕೋವಿಡ್‌ಗೆ ಹೆದರಿ ಅವರು ಊರಿಗೆ ಮರಳಿದಾಗ ಹಾಸ್ಟೆಲು, ಶಾಲೆಗಳಲ್ಲಿ ಕ್ವಾರಂಟೈನ್ ಮಾಡಬೇಕಾಯಿತು. ಊರು ಬಿಟ್ಟವರೂ ಊರಿನ ಲೆಕ್ಕದಲ್ಲೇ ಇರಬೇಕು ಎಂಬುದು ಅಂದು ಎಲ್ಲರಿಗೂ ಗೊತ್ತಾಯಿತು.

ಊರಿಗೆ ಬಂದು ದುಡಿಯುವವರ ಮಾತು ಇನ್ನೂ ಕಷ್ಟ. ಕಬ್ಬು ಕಡಿಯಲು ಬಳ್ಳಾರಿ ಮತ್ತಿತರ ಉತ್ತರದ ಜಿಲ್ಲೆಗಳಿಂದ ಕುಟುಂಬ ಸಮೇತ ಬರುವವರು ಗದ್ದೆಯ ಅಂಚಿನಲ್ಲಿ ಟೆಂಟು ಹಾಕಿಕೊಂಡಿರುತ್ತಾರೆ. ಆಲೆಮನೆಗಳಲ್ಲಿ ಉತ್ತರ ಭಾರತದ ಕಾರ್ಮಿಕರಿದ್ದಾರೆ. ಇವರ ಹೆಸರು ಇಲ್ಲಿನ ಮತದಾರರ ಪಟ್ಟಿಯಲ್ಲಿಲ್ಲ, ಗ್ರಾಮಸಭೆಯ ನೋಟಿಸು ಇವರಿಗೆ ಬರುವುದಿಲ್ಲ, ಕೆಲವರಿಗೆ ಕನ್ನಡವೂ ಬಾರದು.

ನದಿಗೆ ನೀರು ಬಿಡುವ ದಿನ ಈ ಕೊರತೆ ಹೇಗೆ ಕಾಣುತ್ತದೆ ಎಂಬುದನ್ನು ನೋಡಬೇಕು. ಒಳಹರಿವು ಏರಿದಾಗ ಕಾವೇರಿ ನೀರಾವರಿ ನಿಗಮದಿಂದ ಎಚ್ಚರಿಕೆ ಹೊರಡುತ್ತದೆ. ಅದು ತಹಶೀಲ್ದಾರರಿಗೆ, ಅಲ್ಲಿಂದ ಗ್ರಾಮ ಆಡಳಿತ ಅಧಿಕಾರಿಗೆ, ಪಿಡಿಒಗೆ, ಅವರಿಂದ ಊರಿನ ವಾಟ್ಸ್ಆ್ಯಪ್ ಗುಂಪುಗಳಿಗೆ ಬರುತ್ತದೆ. ಊರೊಳಗೆ ಡಂಗುರ ಸಾರುತ್ತಾರೆ, ಇಲ್ಲವೇ ಆಟೋಗೆ ಮೈಕು ಕಟ್ಟಿ ನದಿ ಬಳಿ ಹೋಗಬೇಡಿ ಎಂದು ಕೂಗುತ್ತಾರೆ. ಆಟೋ ಹೋಗುವುದು ಟಾರು ರಸ್ತೆ ಇರುವಷ್ಟು ದೂರ. ಅದರಾಚೆ ಕೆಸರಿನ ಕಾಲುದಾರಿಯಲ್ಲಿ ಅರ್ಧ ಮೈಲಿ ನಡೆದರೆ ಸಿಗುವ ಪಂಪ್‌ಹೌಸಿನಲ್ಲಿ ಮಲಗಿದ ಕಾವಲಿನವನಿಗೆ, ಕುರಿ ಮಂದೆ ತರುಬಿಕೊಂಡು ದಂಡೆಯಲ್ಲೇ ರಾತ್ರಿ ಕಳೆಯುವ ಕುರುಬನಿಗೆ, ಟೆಂಟಿನಲ್ಲಿರುವ ಕೂಲಿಯವರಿಗೆ, ಬಲೆ ಬಿಟ್ಟು ಬಂದ ಬೆಸ್ತರಿಗೆ ಆ ಕೂಗು ಮುಟ್ಟುವುದಿಲ್ಲ. ಸಾವಿರ ಜನಕ್ಕೆ ಸುದ್ದಿ ಮುಟ್ಟಿದರೂ ಸುದ್ದಿ ಬೇಕಾಗಿದ್ದ ಹತ್ತು ಜನಕ್ಕೆ ಮುಟ್ಟದಿದ್ದರೆ ಆ ವ್ಯವಸ್ಥೆ ಕೆಲಸ ಮಾಡಿದಂತಾಗಲಿಲ್ಲ.

ಕಾಯ್ದೆ ಕೊಟ್ಟ ಹಕ್ಕು

ಎಲ್ಲರನ್ನೂ ಸೇರಿಸಿಕೊಳ್ಳುವುದು ಅಧಿಕಾರಿಗಳ ಔದಾರ್ಯಕ್ಕೆ ಬಿಟ್ಟ ಸಂಗತಿಯಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಪಂಚಾಯಿತಿಯ ಚುನಾಯಿತ ಮುಖ್ಯಸ್ಥರು ಸಹ ಅಧ್ಯಕ್ಷರು. ಜಿಲ್ಲಾ ಯೋಜನೆಯನ್ನು ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿಯೇ ತಯಾರಿಸಬೇಕು ಎಂದು 31ನೇ ಸೆಕ್ಷನ್ ಹೇಳುತ್ತದೆ. ಪರಿಹಾರ ಹಂಚುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮದ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ ಎಂದು 61ನೇ ಸೆಕ್ಷನ್ ಸ್ಪಷ್ಟವಾಗಿ ನಿಷೇಧಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 8ನೇ ಸೆಕ್ಷನ್ ಜಿಲ್ಲೆಯಲ್ಲಿರುವ ಅಂಗವಿಕಲರ ವಿವರಗಳನ್ನು ಜಿಲ್ಲಾ ಪ್ರಾಧಿಕಾರ ಇಟ್ಟುಕೊಳ್ಳಬೇಕು, ಅಪಾಯದ ಸುದ್ದಿಯನ್ನು ಅವರಿಗೆ ಮುಟ್ಟಿಸುವ ಕ್ರಮ ಕೈಗೊಳ್ಳಬೇಕು ಎಂದು ಹೇಳುತ್ತದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುವುದರಿಂದ ಈ ಪಟ್ಟಿ ಮಾಡುವುದು ಕರ್ನಾಟಕದಲ್ಲಿ ಕಷ್ಟದ ಕೆಲಸವೂ ಅಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಪ್ರತಿ ದೊಡ್ಡ ಅಣೆಕಟ್ಟಿಗೂ ತುರ್ತು ಕ್ರಿಯಾ ಯೋಜನೆ ಇರಬೇಕೆಂದು ವಿಧಿಸಿದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಇಂಥ ಯೋಜನೆಯ ಬೆಲೆ ಏನೆಂದು ರಾಜ್ಯಕ್ಕೆಲ್ಲ ತಿಳಿಯಿತು. ಕೃಷ್ಣರಾಜಸಾಗರದ ಕೆಳಗಿನ ಪ್ರತಿ ಊರಿನವರಿಗೂ ತಮ್ಮ ಊರಿಗೆ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಎಲ್ಲಿಯವರೆಗೆ ಬರುತ್ತದೆ ಎಂಬುದು ಕನ್ನಡದಲ್ಲಿ, ಓದುವಂಥ ನಕ್ಷೆಯಲ್ಲಿ ಸಿಗಬೇಕು.

ಬೇಬಿ ಬೆಟ್ಟದ ಪ್ರಕರಣದಲ್ಲಿ ಜನರ ಪಾಲ್ಗೊಳ್ಳುವಿಕೆ ಸಭೆಯ ಬದಲು ಹೋರಾಟದ ರೂಪದಲ್ಲಿ ಬಂತು. 2018ರಲ್ಲಿ ಆ ಭಾಗದಲ್ಲಿ ಕೇಳಿಬಂದ ಭಾರೀ ಸದ್ದಿನ ನಂತರ ಗಣಿಗಾರಿಕೆಯ ಸ್ಫೋಟದಿಂದ ಕೃಷ್ಣರಾಜಸಾಗರ ಅಣೆಕಟ್ಟಿಗೆ ಅಪಾಯವಿದೆಯೇ ಎಂಬ ಆತಂಕ ಬೆಳೆಯಿತು. ಪ್ರಾಯೋಗಿಕ ಸ್ಫೋಟ ನಡೆಸಿ ಪರೀಕ್ಷಿಸುವ ಪ್ರಯತ್ನವನ್ನು ರೈತ ಸಂಘಟನೆಗಳು 2022ರಲ್ಲಿ ವಿರೋಧಿಸಿ ತಡೆದವು. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟಿನ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ನಿಷೇಧಿಸಿತು. ರೈತ ಚಳವಳಿ ಗಟ್ಟಿಯಾಗಿರುವ ಪಾಂಡವಪುರದಲ್ಲಿ ಇದು ಸಾಧ್ಯವಾಯಿತು. ಆದರೆ ಸಂಘಟನೆಯ ಬಲವಿಲ್ಲದ ಊರಿನ ಮಾತೂ ಕೇಳಿಸಬೇಕು. ಕಲ್ಲು ಒಡೆದು ಬದುಕುತ್ತಿದ್ದ ಕೂಲಿ ಕುಟುಂಬಗಳ ಮುಂದಿನ ಜೀವನದ ಪ್ರಶ್ನೆಯನ್ನೂ ಅದೇ ಮೇಜಿನ ಮೇಲೆ ಇಡಬೇಕು. ಅವರನ್ನು ಹೊರಗಿಟ್ಟ ತೀರ್ಮಾನ ಅಣೆಕಟ್ಟನ್ನು ಉಳಿಸಬಹುದು, ಊರನ್ನು ಒಡೆಯುತ್ತದೆ.

ರಂಗೋಲಿ ಪುಡಿಯ ನಕ್ಷೆ

ಊರಿನವರೇ ಕೂತು ಅಪಾಯದ ನಕ್ಷೆ ಬರೆಯುವ ವಿಧಾನ ದೇಶದ ಹಲವೆಡೆ ಬಳಕೆಯಲ್ಲಿದೆ, ಅದಕ್ಕೆ ದುಬಾರಿ ಸಲಕರಣೆ ಬೇಡ. ಶಾಲೆಯ ಅಂಗಳವನ್ನು ಗುಡಿಸಿ, ರಂಗೋಲಿ ಪುಡಿಯಲ್ಲಿ ಮೊದಲು ರಸ್ತೆ, ಕೆರೆ, ನಾಲೆ, ಹಳ್ಳ ಎಳೆಯುತ್ತಾರೆ. ಆಮೇಲೆ ಒಂದೊಂದು ಮನೆಗೆ ಒಂದೊಂದು ಹುಣಿಸೆ ಬೀಜ. ಗೋಡೆ ಮಣ್ಣಿನದಾದರೆ ಬೀಜದ ಪಕ್ಕ ಒಂದು ಕಡ್ಡಿ, ಒಬ್ಬರೇ ಇರುವ ವೃದ್ಧರ ಮನೆಗೆ ಒಂದು ಹೂವು, ನಡೆಯಲಾಗದವರಿದ್ದರೆ ಒಂದು ಕಲ್ಲು. ನೀಲಿ ಪುಡಿ ತಂದು ಕಳೆದ ನೆರೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಯವರೆಗೆ ಚೆಲ್ಲುತ್ತಾರೆ. ಆಗ ಜಗಳ ಶುರುವಾಗುತ್ತದೆ. ನೀರು ಅಷ್ಟು ದೂರ ಬರಲಿಲ್ಲ ಎಂದು ಒಬ್ಬರು, ನಮ್ಮ ಹಟ್ಟಿಯ ಹೊಸ್ತಿಲು ದಾಟಿತ್ತು ಎಂದು ಮೂಲೆಯಲ್ಲಿ ನಿಂತ ಹೆಂಗಸು. ಆ ಮಾತಿಗೆ ನೀಲಿ ಗೆರೆ ಇನ್ನೊಂದು ಮಾರು ಮುಂದಕ್ಕೆ ಹೋಗುತ್ತದೆ. ಆ ಒಂದು ಮಾರಿನಲ್ಲಿ ಹತ್ತು ಹುಣಿಸೆ ಬೀಜಗಳಿರಬಹುದು. ಯೋಜನೆಯ ಮುಖ್ಯ ಕೆಲಸ ನಡೆಯುವುದು ಆ ಕ್ಷಣದಲ್ಲಿ. ಮೊಬೈಲಿನಲ್ಲಿ ಚಿತ್ರ ತೆಗೆದು, ಕಾಗದಕ್ಕೆ ಇಳಿಸಿ, ಪಂಚಾಯಿತಿ ಗೋಡೆಗೆ ಅಂಟಿಸುವುದು ಉಳಿದ ಕೆಲಸ.

ಜಾಗದ ಆಯ್ಕೆ ಇಲ್ಲಿ ಸಣ್ಣ ವಿಷಯವಲ್ಲ. ದೇವಸ್ಥಾನದ ಮುಂದೆ ಕರೆದರೆ ಕೇರಿಯವರು ಹಿಂಜರಿಯುವ ಊರುಗಳು ಇನ್ನೂ ಇವೆ. ಊರಗೌಡರ ಜಗಲಿಯಲ್ಲಿ ಕರೆದರೆ ಅವರ ಎದುರು ಮಾತು ಹೊರಡುವುದಿಲ್ಲ. ಶಾಲೆ, ಅಂಗನವಾಡಿ, ಡೈರಿ ಎಲ್ಲರ ಜಾಗಗಳು. ಕೇರಿಯಲ್ಲೇ ಮೊದಲ ಸಭೆ ನಡೆಸಿ, ಅಲ್ಲಿ ಬಂದ ಮಾತುಗಳನ್ನು ಊರ ಸಭೆಯಲ್ಲಿ ಓದಿ ಹೇಳುವುದು ಇನ್ನೂ ಒಳ್ಳೆಯದು. ಪಂಚಾಯತ್ ರಾಜ್ ಕಾಯ್ದೆಯಲ್ಲಿ ವಾರ್ಡ್ ಸಭೆ ಇರುವುದು ಇದಕ್ಕೇ. ಮಹಿಳಾ ಗ್ರಾಮಸಭೆ, ಅಂಗವಿಕಲರ ವಿಶೇಷ ಗ್ರಾಮಸಭೆಗಳಿಗೂ ಅವಕಾಶವಿದೆ. ನದಿದಂಡೆಯ ಊರಾದರೆ ತೆಪ್ಪ ನಡೆಸುವ ಅಂಬಿಗರನ್ನು ಕರೆಯದೆ ಸಭೆ ಮಾಡಬಾರದು. 2018ರ ಕೇರಳದ ಪ್ರವಾಹದಲ್ಲಿ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಹೇರಿ ತಂದು ಸಾವಿರಾರು ಜನರನ್ನು ಉಳಿಸಿದರು. ಶ್ರೀರಂಗಪಟ್ಟಣದ ಸುಳಿ, ಬಂಡೆ, ಸೆಳವುಗಳ ಲೆಕ್ಕ ಇಲ್ಲಿನ ಅಂಬಿಗರಿಗಿಂತ ಚೆನ್ನಾಗಿ ಯಾವ ರಕ್ಷಣಾ ಪಡೆಗೂ ತಿಳಿದಿರದು. ಪಶ್ಚಿಮವಾಹಿನಿ, ಸಂಗಮಗಳಲ್ಲಿ ಪಿಂಡಪ್ರದಾನಕ್ಕೆ, ಅಸ್ಥಿ ವಿಸರ್ಜನೆಗೆ ಬರುವ ಪರವೂರಿನವರಿಗೆ ಎಲ್ಲಿ ಇಳಿಯಬಾರದೆಂದು ಹೇಳಬಲ್ಲವರೂ ಅವರೇ.

ಜಾತ್ರೆಗಳ ದಿನ ಯೋಜನೆಯ ಲೆಕ್ಕ ಬದಲಾಗುತ್ತದೆ. ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಕೆ.ಆರ್.ಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಯ ತ್ರಿವೇಣಿ ಸಂಗಮದಲ್ಲಿ 2022ರ ಅಕ್ಟೋಬರಿನಲ್ಲಿ ಕುಂಭಮೇಳ ನಡೆಯಿತು. ನೂಕುನುಗ್ಗಲಿನ ದಾರಿಗಳು ಪೊಲೀಸರ ನಕ್ಷೆಯಲ್ಲಿರುತ್ತವೆ. ಯಾವ ಓಣಿ ಮುಂದೆ ಮುಚ್ಚಿದೆ, ಯಾವ ಮೆಟ್ಟಿಲು ಜಾರುತ್ತದೆ ಎಂಬುದು ಅಲ್ಲೇ ಹೂವು, ಕಾಯಿ ಮಾರುವವರಿಗೆ ಗೊತ್ತು.

ಊರಿನ ತಿಳಿವಳಿಕೆಯ ಜೊತೆಗೆ ವಿಜ್ಞಾನವೂ ಬೇಕು, ಒಂದು ಇನ್ನೊಂದಕ್ಕೆ ಬದಲಿಯಾಗದು. ಬರದ ಮೇಲೆ ನಿಗಾ ಇಡಲು 1988ರಲ್ಲಿ ಕರ್ನಾಟಕದಲ್ಲಿ ಶುರುವಾದ ಘಟಕ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿದೆ. ರಾಜ್ಯದ ಹೆಚ್ಚುಕಡಿಮೆ ಎಲ್ಲ ಗ್ರಾಮ ಪಂಚಾಯಿತಿಗಳಲ್ಲೂ ಅದರ ಮಳೆಮಾಪಕವಿದೆ. ರೈತರಿಗೆ ವರುಣ ಮಿತ್ರ ಸಹಾಯವಾಣಿ, ಸಿಡಿಲಿನ ಮುನ್ಸೂಚನೆಗೆ ಸಿಡಿಲು ಆ್ಯಪ್ ಇವೆ. ಆದರೆ ಮರದಡಿ ನಿಂತ ದನ ಕಾಯುವವನ ಕೈಯಲ್ಲಿ ಸ್ಮಾರ್ಟ್‌ಫೋನ್ ಇರುವುದಿಲ್ಲ. ಆ್ಯಪಿನ ಸುದ್ದಿಯನ್ನು ಡೈರಿಯ ಮೈಕಿನವರೆಗೆ, ದೇವಸ್ಥಾನದ, ಮಸೀದಿಯ, ಚರ್ಚಿನ ಧ್ವನಿವರ್ಧಕದವರೆಗೆ ತರುವ ಮನುಷ್ಯ ಯಾರು ಎಂದು ಹೆಸರು ಹಿಡಿದು ಗೊತ್ತು ಮಾಡಬೇಕಾದದ್ದು ಊರ ಸಭೆ.

ಇದರಿಂದ ಜೀವ ಉಳಿಯುತ್ತದೆ ಎನ್ನುವುದಕ್ಕೆ ಸಾಕ್ಷಿ ಬಾಂಗ್ಲಾದೇಶ. 1970ರ ಚಂಡಮಾರುತದಲ್ಲಿ ಅಲ್ಲಿ ಕನಿಷ್ಠ ಮೂರು ಲಕ್ಷ ಜನ ಸತ್ತರು. 1991ರಲ್ಲಿ ಮತ್ತೆ ಸುಮಾರು 1.38 ಲಕ್ಷ. ಆ ಬಾರಿ ಸತ್ತವರಲ್ಲಿ ಹೆಂಗಸರೇ ಬಹಳ. ಎಚ್ಚರಿಕೆ ಗಂಡಸರು ಸೇರುವ ಜಾಗಗಳಲ್ಲಿ ಕೇಳಿಸಿತ್ತು, ಮನೆಯೊಳಗೆ ಮುಟ್ಟಿರಲಿಲ್ಲ. ಆಮೇಲೆ ಅಲ್ಲಿನ ಸ್ವಯಂಸೇವಕರ ಪಡೆಗೆ ಹೆಂಗಸರನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡರು, ಆಸರೆ ಕಟ್ಟಡಗಳನ್ನು ಹೆಚ್ಚಿಸಿದರು. ಈಚಿನ ಚಂಡಮಾರುತಗಳಲ್ಲಿ ಅಲ್ಲಿ ಸಾಯುವವರ ಸಂಖ್ಯೆ ಹಿಂದಿನದರ ಸಣ್ಣ ಪಾಲಿಗೆ ಇಳಿದಿದೆ. ಒಡಿಶಾದಲ್ಲೂ ಹಾಗೆಯೇ. 1999ರ ಚಂಡಮಾರುತದಲ್ಲಿ ಸುಮಾರು 10,000 ಜನರನ್ನು ಕಳೆದುಕೊಂಡ ರಾಜ್ಯ 2013ರ ಫೈಲಿನ್ ಚಂಡಮಾರುತದ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನರನ್ನು ಮುಂಚೆಯೇ ಸುರಕ್ಷಿತ ಜಾಗಕ್ಕೆ ಸಾಗಿಸಿತು, ಸಾವು ಹತ್ತಾರರಲ್ಲೇ ನಿಂತಿತು.

ಹಣ ಮತ್ತು ಪಹಣಿ

ಯೋಜನೆ ಕಾಗದದಿಂದ ಇಳಿಯಬೇಕಾದರೆ ಹಣ ಬೇಕು. ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ರಾಜ್ಯಗಳ ವಿಪತ್ತು ನಿಧಿಯ ಶೇ 80ನ್ನು ಪರಿಹಾರ ಮತ್ತು ಪುನರ್ನಿರ್ಮಾಣದಂಥ ಕೆಲಸಗಳಿಗೆ, ಶೇ 20ನ್ನು ಉಪಶಮನಕ್ಕೆ ಎಂದು ಬೇರ್ಪಡಿಸಿತು. ಹಾನಿ ಆಗುವ ಮೊದಲೇ ಖರ್ಚು ಮಾಡಲು ಪ್ರತ್ಯೇಕ ನಿಧಿ ದೊರೆತದ್ದು ದೊಡ್ಡ ಬದಲಾವಣೆ. ಉದ್ಯೋಗ ಖಾತ್ರಿ ಕೆಲಸಗಳಲ್ಲಿ ಕೆರೆ ಹೂಳು, ಬದು, ಕಟ್ಟೆ, ಕಾಲುವೆಗಳ ದುರಸ್ತಿ ಮಾಡಿಸಿದ ಅನುಭವ ಎಲ್ಲ ಪಂಚಾಯಿತಿಗಳಿಗೂ ಇದೆ. ಊರ ಸಭೆಯ ಅಪಾಯದ ಪಟ್ಟಿ ಗ್ರಾಮ ಪಂಚಾಯಿತಿಯ ವಾರ್ಷಿಕ ಕ್ರಿಯಾ ಯೋಜನೆಗೆ ಸೇರಿದಾಗಲೇ ಅದಕ್ಕೆ ಬೆಲೆ. ಇಲ್ಲದಿದ್ದರೆ ನಕ್ಷೆ ಗೋಡೆಯ ಮೇಲೆ, ಹಣ ಸಿ.ಸಿ. ರಸ್ತೆಗೆ.

ಯೋಜನೆಯಿಂದ ಹೊರಗುಳಿದವರು ಪರಿಹಾರದಿಂದಲೂ ಹೊರಗುಳಿಯುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಬೆಳೆ ಹಾನಿಗೆ ಸರ್ಕಾರ ಕೊಡುವ ನೆರವು ಪಹಣಿಯನ್ನು ಆಧರಿಸಿ, ಎರಡು ಹೆಕ್ಟೇರ್‌ವರೆಗೆ, ಜಮೀನಿನ ಮಾಲೀಕರ ಖಾತೆಗೆ ಹೋಗುತ್ತದೆ. ವಾರಕ್ಕೋ ಗುತ್ತಿಗೆಗೋ ಜಮೀನು ಮಾಡಿ, ಸಾಲ ತಂದು ಬಿತ್ತಿದವರಿಗೆ ನಷ್ಟ ಮಾತ್ರ ಉಳಿಯುತ್ತದೆ. ಗಂಡ ತೀರಿಕೊಂಡ ಮೇಲೂ ಖಾತೆ ಬದಲಾಗದೆ ಮಾವನ ಹೆಸರಿನಲ್ಲೇ ಉಳಿದ ಜಮೀನಿನಲ್ಲಿ ದುಡಿಯುವ ಹೆಂಗಸರದ್ದೂ ಇದೇ ಪಾಡು. ಪೌತಿ ಖಾತೆ ಮಾಡಿಸುವುದು, ಯಾರ ಜಮೀನನ್ನು ಯಾರು ಉಳುತ್ತಿದ್ದಾರೆ ಎಂಬುದನ್ನು ಊರ ಮುಂದೆಯೇ ಬರೆದಿಡುವುದು ಮಳೆಗಾಲಕ್ಕೆ ಮುಂಚಿನ ಸಿದ್ಧತೆಯ ಭಾಗವಾಗಬೇಕು. ಏರಿಗೆ ಮಣ್ಣು ಹಾಕುವಷ್ಟೇ ಅಗತ್ಯದ ಕೆಲಸ ಇದು.

ಕೆರೆಗಳ ವಿಷಯದಲ್ಲಿ ರಾಜ್ಯಕ್ಕೆ ಈ ಬಗೆಯ ಕೆಲಸದ ಅನುಭವವೂ ಇದೆ. 2002ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಕೆಲವು ಜಿಲ್ಲೆಗಳಲ್ಲಿ ಶುರುವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯಲ್ಲಿ ಪ್ರತಿ ಕೆರೆಗೂ ಬಳಕೆದಾರರ ಸಂಘ ಕಟ್ಟಿ, ಅಚ್ಚುಕಟ್ಟಿನ ರೈತರ ಜೊತೆಗೆ ಭೂಹೀನರನ್ನೂ ಹೆಂಗಸರನ್ನೂ ಸೇರಿಸಿಕೊಂಡರು. ಯೋಜನೆಯ ಹಣ ಮುಗಿದ ಮೇಲೂ ಊರವರ ಜೀವಂತಿಕೆ ಉಳಿದಿದ್ದ ಕಡೆ ಮಾತ್ರ ಅಂಥ ಸಂಘ ನಿಲ್ಲುತ್ತದೆ. ನೀರುಗಂಟಿಗೆ ಪಂಚಾಯಿತಿಯಿಂದಲೇ ಗೌರವಧನ ಕೊಟ್ಟು, ಏರಿ ನೋಡಿಕೊಳ್ಳುವ ಹೊಣೆಯನ್ನು ಬರಹದಲ್ಲಿ ವಹಿಸುವುದು ಆ ದಿಕ್ಕಿನಲ್ಲಿ ಯಾವ ಪಂಚಾಯಿತಿಯಾದರೂ ಇಡಬಹುದಾದ ಮೊದಲ ಹೆಜ್ಜೆ.

ಕೃಷ್ಣರಾಜಸಾಗರ ಸಾಮಾನ್ಯವಾಗಿ ತುಂಬುವುದು ಜುಲೈ, ಆಗಸ್ಟ್ ತಿಂಗಳಲ್ಲಿ. 2025ರಲ್ಲಿ ಅದು ಜೂನ್ ಕೊನೆಗೇ ತುಂಬಿತು, ಜೂನ್ 30ರಂದು ಮುಖ್ಯಮಂತ್ರಿ ಬಾಗಿನ ಅರ್ಪಿಸಿದರು. ನಾಲ್ಕೂ ತಾಲ್ಲೂಕುಗಳ ಪಂಚಾಯಿತಿಗಳು ವಾರ್ಡ್ ಸಭೆ ಕರೆದು, ನಕ್ಷೆ ಬರೆದು, ಕೋಡಿ ಬಿಡಿಸಿ, ಒಂಟಿ ಮನೆಗಳ ಪಟ್ಟಿ ಮಾಡಿ ಮುಗಿಸಲು ಇರುವ ಕಾಲ ಏಪ್ರಿಲ್ ಮತ್ತು ಮೇ. ಸಭೆಯ ಡಂಗುರ ಕೇಳಿದವರು ತಾವು ಹೋಗುವುದರ ಜೊತೆಗೆ, ಅದು ಕೇಳಿಸದ ಮನೆಯ ಒಬ್ಬರನ್ನು ಕರೆದುಕೊಂಡು ಹೋಗಬೇಕು.